ಗಾಳಿ ಮಲ್ಲಯ್ಯನ ಮೊದಲ ಭಕ್ತ

ಕೊಟ್ರಬಸಪ್ಪ ಕಾಕಾ ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದದ್ದು ಮೆಟ್ಟಿಲ ಕಲ್ಲನ್ನು, ಆಮೇಲೆ ಬಚ್ಚಲ ಕಲ್ಲನ್ನು, ಕೊನೆಗೆ ಮನೆಯವರ ಮುಖವನ್ನು. ಬೀದಿಯಲ್ಲಿ ಎದುರಾದವರು ನಮಸ್ಕಾರ ಮಾಡಿದರೆ ತಲೆ ಎತ್ತದೆ ಕೈಯಷ್ಟೇ ಎತ್ತುತ್ತಿದ್ದರು. ಊರವರು ಇದನ್ನು ವಿನಯ ಎಂದು ತಿಳಿದಿದ್ದರು. ಕೊಟ್ಟೂರಿನಲ್ಲಿ ಅವರ ಪಾತ್ರೆ ಅಂಗಡಿಗೆ ಹೊಂದಿಕೊಂಡೇ ನನ್ನ ಔಷಧಿ ಅಂಗಡಿ ಇದ್ದುದರಿಂದ ನನಗೆ ನಿಜ ಗೊತ್ತಿತ್ತು. ಅವರು ನೆಲದ ಮೇಲೆ ಸರ್ವೆ ಕಲ್ಲು ಹುಡುಕುತ್ತಿದ್ದರು.

ಬ್ರಿಟಿಷರ ಕಾಲದಲ್ಲಿ ನಾಡನ್ನು ಅಳೆದವರು ಹೊಲದ ಗಡಿಗೆ, ಊರ ಗಡಿಗೆ, ಗುಡ್ಡದ ನೆತ್ತಿಗೆ ಗುರುತಿನ ಕಲ್ಲು ನೆಟ್ಟು ಹೋಗಿದ್ದಾರಲ್ಲ, ಅವು. ಕೆಲವರಿಗೆ ಇಸ್ಪೀಟು, ಕೆಲವರಿಗೆ ರಾಜಕೀಯ, ಕಾಕಾನಿಗೆ ಇದು. ಭಾನುವಾರ ಬಂತೆಂದರೆ ಒಂದು ಬ್ರಷ್ಷು, ಒಂದಿಷ್ಟು ತೆಂಗಿನ ನಾರು, ನೀರಿನ ಬಾಟಲಿ ಚೀಲಕ್ಕೆ ಹಾಕಿಕೊಂಡು ನನ್ನ ಸ್ಕೂಟರಿನ ಹಿಂದೆ ಕೂರುತ್ತಿದ್ದರು. ಹಡಗಲಿ ಕಡೆ, ಹಗರಿಬೊಮ್ಮನಹಳ್ಳಿ ಕಡೆ, ಹರಪನಹಳ್ಳಿ ಕಡೆ, ಎಲ್ಲಿ ಮುಳ್ಳು ಜಾಸ್ತಿಯೋ ಅಲ್ಲಿಗೆ ನಮ್ಮ ಸವಾರಿ. ಕಲ್ಲು ಸಿಕ್ಕರೆ ಅದನ್ನು ತಿಕ್ಕಿ ತೊಳೆದು, ಮೇಲೆ ಕೊರೆದ ಗುರುತನ್ನು ಕಣ್ತುಂಬ ನೋಡಿ, ವಾಪಸು ಬರುವುದು. ಅಷ್ಟೇ. ಮನೆಗೆ ತರುವಂತಿಲ್ಲ, ಮಾರುವಂತಿಲ್ಲ. ಇದರಿಂದ ಏನು ಲಾಭ ಎಂದು ನಾನು ಒಮ್ಮೆ ಕೇಳಿದ್ದೆ.

“ನಿನಗ ಗುಳಿಗಿ ಮಾರಿ ಮಾರಿ ತಲಿ ಕೆಟ್ಟೈತಿ ಲೇ. ಕಲ್ಲಿಗೇನೈತಿ ಕಿಮ್ಮತ್ತು? ಅದು ನಿಂತ ಜಾಗಕ್ಕ ಐತಿ. ಇಂಥಲ್ಲೇ ನಿಂತು ಇಡೀ ಸೀಮಿ ಅಳದಾರ. ಒಂದು ಗೇಣು ಕದಲಿಸಿದಿ ಅಂದ್ರ ಮುಗೀತು, ಆಮ್ಯಾಲ ಅದು ಬಟ್ಟಿ ಒಗ್ಯಾಕ ಬರತೈತಿ ಅಷ್ಟ.”

ಅವರ ಹೆಂಡತಿ ಗಂಗಮ್ಮ ಕಾಕಿಗೆ ಈ ವಿದ್ಯೆಯ ಬಗ್ಗೆ ಬೇರೆಯೇ ಅಭಿಪ್ರಾಯವಿತ್ತು. “ಗುಡ್ಡದಾಗಿನ ಕಲ್ಲೆಲ್ಲಾ ಇವರಿಗೆ ಗೊತ್ತದಾವ. ಮನ್ಯಾಗ ಒಳ್ಳಕಲ್ಲು ಎಲ್ಲೈತಿ ಕೇಳು, ಗೊತ್ತಿಲ್ಲ.”

ಕಾಕಾನಿಗೆ ಲೋಕದಲ್ಲಿ ಒಬ್ಬನೇ ವೈರಿ, ಅರಿಷಿಣ. ನಮ್ಮ ಕಡೆ ನೆಟ್ಟಗೆ ನಿಂತ ಕಲ್ಲು ಬಹಳ ದಿನ ಬರೀ ಕಲ್ಲಾಗಿ ಉಳಿಯುವುದಿಲ್ಲ. ಯಾರೋ ಒಂದು ದಿನ ಅರಿಷಿಣ ಹಚ್ಚುತ್ತಾರೆ, ಇನ್ನೊಬ್ಬರು ಎಣ್ಣೆ ಎರೆಯುತ್ತಾರೆ, ನಾಲ್ಕು ವರ್ಷಕ್ಕೆ ಗುರುತು ಮುಚ್ಚಿಹೋಗಿ ಮೇಲೊಂದು ಬೆಳ್ಳಿಯ ಕಣ್ಣು ಮೂಡುತ್ತದೆ. ಕಾಕಾ ಅದನ್ನೆಲ್ಲ ಬೈಯುತ್ತಾ ತಿಕ್ಕಿ ತೆಗೆಯುತ್ತಿದ್ದರು. ಬಾಗಳಿ ಹತ್ತಿರ ಹೀಗೇ ತಿಕ್ಕುವಾಗ ಹೊಲದ ಹೆಣ್ಣುಮಗಳೊಬ್ಬಳು ದೂರದಿಂದಲೇ ಕೈಮುಗಿದು, “ಇಷ್ಟು ಭಕ್ತಿಲೆ ದೇವರ ಮೈ ತೊಳಿಯೋರ್ನ ನಾ ಕಂಡೇ ಇಲ್ರಿ ಯಜ್ಜಾ” ಎಂದಳು. ಕಾಕಾ ಆ ದಿನ ಮಧ್ಯಾಹ್ನದ ಬುತ್ತಿ ಉಣ್ಣಲಿಲ್ಲ.

ಅವರಿಗೆ ಬಾಯಿ ನಿಲ್ಲುತ್ತಿರಲಿಲ್ಲ ಎಂಬುದೂ ನಿಜ. ಅಣ್ಣನ ಮಗನಿಗೆ ಹೆಣ್ಣು ನೋಡಲು ಹಿರಿಯರಾಗಿ, ನನ್ನನ್ನೂ ಕರೆದುಕೊಂಡು, ಹೊಳೆದಂಡೆಯ ಹಲವಾಗಲು ಊರಿಗೆ ಹೋದಾಗ ಹಿತ್ತಲಲ್ಲಿ ಕೈ ತೊಳೆಯಲು ಬಗ್ಗಿದವರು ಅಲ್ಲೇ ಕುಳಿತುಬಿಟ್ಟರು. ಒಗೆಯುವ ಕಲ್ಲಿನ ಮೇಲೆ ಸರ್ವೆಯವರ ಬಾಣದ ಗುರುತು! ಒಳಗೆ ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಾಳೆ, ಹೊರಗೆ ಇವರು ಹುಡುಗಿಯ ತಂದೆಗೆ, “ಇದು ಸರ್ಕಾರದ ಕಲ್ಲು ಐತ್ರಿ. ಎಲ್ಲಿಂದ ಕಿತ್ತು ತಂದ್ರಿ? ಆ ಜಾಗ ತೋರಸ್ರಿ” ಎಂದು ಬೆನ್ನುಬಿದ್ದಿದ್ದಾರೆ. ಆ ಮನುಷ್ಯ ಹೆದರಿಹೋದ. ಗಂಡಿನ ಕಡೆಯವರ ವೇಷದಲ್ಲಿ ಕಂದಾಯ ಇಲಾಖೆಯೇ ಬಂದಿದೆ ಎಂದುಕೊಂಡಿರಬೇಕು. ನಾವು ಊರು ದಾಟುವುದರೊಳಗೆ ಕಲ್ಲನ್ನು ಎತ್ತಿನ ಗಾಡಿಗೆ ಹೇರಿ ತುಂಗಭದ್ರೆಗೆ ಒಪ್ಪಿಸಿದರಂತೆ. ಸಂಬಂಧವೂ ಹೊಳೆಯ ಪಾಲಾಯಿತು. ಸಂಬಂಧದ ಬಗ್ಗೆ ಕಾಕಾ ಎರಡು ಮಾತು ಪೇಚಾಡಿದರು, ಕಲ್ಲಿನ ಬಗ್ಗೆ ಎರಡು ವರ್ಷ.

ಅವರ ಪ್ರಾಣವೆಲ್ಲ ಇದ್ದದ್ದು ಹೊಸಹಳ್ಳಿ ಕಡೆಯ ಒಂದು ಗುಡ್ಡದ ನೆತ್ತಿಯಲ್ಲಿ. ಅಲ್ಲಿ ಮೊಣಕಾಲೆತ್ತರದ ಒಂದು ಚೌಕ ಕಲ್ಲು, ನೆತ್ತಿಯ ಮೇಲೆ ದುಂಡನೆಯ ಗೆರೆ, ನಡುವೆ ಒಂದು ಚುಕ್ಕಿ. ಸುತ್ತಲಿನ ಗುಡ್ಡಗಳಿಗೆಲ್ಲ ಅಳತೆ ಹಿಡಿದದ್ದು ಇಲ್ಲಿಂದ ಎಂದು ಕಾಕಾ ಹೇಳುತ್ತಿದ್ದರು. ಅದಕ್ಕೆ ಯಾರೂ ಅರಿಷಿಣ ಹಚ್ಚಿರಲಿಲ್ಲ. ನೆಟ್ಟವರು ಬಿಟ್ಟುಹೋದಲ್ಲೇ, ಬಿಟ್ಟುಹೋದ ಹಾಗೇ ಇತ್ತು. ಅದರ ಪಕ್ಕ ಕುಳಿತು ಸುಮ್ಮನೆ ಗಾಳಿ ಕುಡಿಯುವುದು ಕಾಕಾನ ಹಬ್ಬ.

ಗಾಳಿ ಚೆನ್ನಾಗಿದೆ ಎಂಬುದು ಇನ್ನೊಬ್ಬರಿಗೂ ಗೊತ್ತಾಯಿತು. ಕರೆಂಟು ತೆಗೆಯುವ ಗಾಳಿಯಂತ್ರ ನೆಡುವವರು ಬಂದರು. ನಮ್ಮ ಜನ ಅದಕ್ಕೆ ಫ್ಯಾನು ಎನ್ನುತ್ತಾರೆ. ಫ್ಯಾನು ಏರಿಸಲು ದಾರಿ ಬೇಕು, ದಾರಿಯ ಗೆರೆ ನೆಟ್ಟಗೆ ಕಲ್ಲಿನ ಮೇಲೇ ಹಾದಿತ್ತು. ಕಾಕಾ ಕಚೇರಿಯಿಂದ ಕಚೇರಿಗೆ ಅಲೆದರು. ಒಂದು ಕಡೆ ಗುಮಾಸ್ತರೊಬ್ಬರು ಬಹಳ ಪ್ರೀತಿಯಿಂದ ಕೇಳಿದರು.

“ಅದು ನಿಮ್ಮ ಹೊಲ ಏನ್ರಿ?”

“ಅಲ್ರಿ.”

“ನಿಮ್ಮ ಹೊಲದ ದಾರಿ?”

“ಅದೂ ಅಲ್ರಿ.”

“ಮತ್ತ ನಿಮಗೇನಾಗೈತ್ರಿ ಯಜಮಾನ್ರ?”

ಕೊನೆಗೆ ಗುಡ್ಡದ ಬುಡದಲ್ಲಿ ನಿಂತಿದ್ದ ಜೆಸಿಬಿಯ ಡ್ರೈವರನ ಹತ್ತಿರವೇ ಹೋದೆವು. ಆ ಹುಡುಗ ಒಳ್ಳೆಯವನು. ಎಲ್ಲ ಕೇಳಿಸಿಕೊಂಡು ತಲೆ ಕೆರೆದುಕೊಂಡ. “ದೇವರಾಗಿದ್ರ ಬಿಟ್ಟು ಹೋಗ್ತಿದ್ವಿರಿ. ಬರೇ ಕಲ್ಲು ಅದು. ಮುಂಜಾನಿ ಅಲ್ಲೇ ಶುರು ಮಾಡ್ತೀವ್ರಿ.”

ಕೊಟ್ಟೂರಿಗೆ ಬಂದು ಮಂಡಕ್ಕಿ ಮಿರ್ಚಿ ಮುಂದಿಟ್ಟರೆ ಕಾಕಾ ಮುಟ್ಟಲಿಲ್ಲ. ನನಗೆ ನಿಜಕ್ಕೂ ಭಯವಾಯಿತು.

ಮರುದಿನ ಕೋಳಿ ಕೂಗುವ ಹೊತ್ತಿಗೆ ಅವರು ನನ್ನ ಬಾಗಿಲಲ್ಲಿದ್ದರು. ಚೀಲದಲ್ಲಿ ಬ್ರಷ್ಷಿರಲಿಲ್ಲ. ಕಾಕಿಯ ದೇವರ ಜಗಲಿಯಿಂದ ಎತ್ತಿಕೊಂಡು ಬಂದ ಅರಿಷಿಣ, ಕುಂಕುಮ, ಎಣ್ಣೆ, ಮೇಲೆ ಒಂದು ಚೆಂಡುಹೂವಿನ ಸರ. ಗುಡ್ಡ ಹತ್ತಿ ಕಲ್ಲಿನ ಮುಂದೆ ಕೂತರು. ಹೆತ್ತ ಮಗುವಿಗೆ ಕಹಿ ಔಷಧಿ ಕುಡಿಸುವವರ ಹಾಗೆ ಮುಖ ಹಿಂಡಿಕೊಂಡು, ಆ ಗೆರೆಯ ಮೇಲೆ, ಆ ಚುಕ್ಕಿಯ ಮೇಲೆ ಎಣ್ಣೆ ಎರೆದರು. ಅರಿಷಿಣ ಬಳಿದರು. ಕುಂಕುಮ ಓರೆಯಾಯಿತು. ನನಗೆ ನಗು ತಡೆಯಲಾಗಲಿಲ್ಲ.

“ಹಲ್ಲು ಕಿಸೀಬ್ಯಾಡ ಲೇ! ಕೈ ಮುಗಿ. ಅವರು ಬರಾಕತ್ತಾರ!”

ಜೆಸಿಬಿ ಏರಿ ಬಂದು ನಿಂತಿತು. ಡ್ರೈವರ್ ಇಳಿದು ಚಪ್ಪಲಿ ಬಿಟ್ಟ. ಹಿಂದಿನ ದಿನ ಬರೇ ಕಲ್ಲಾಗಿದ್ದದ್ದು ಅವನಿಗೆ ನೆನಪಿತ್ತು, ಆದರೆ ಕುಂಕುಮದ ಮೇಲೆ ಜೆಸಿಬಿಯ ಬಕೆಟ್ ಇಡುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಕಾಕಾನ ಮುಖ ನೋಡಿದ, ಕಲ್ಲನ್ನು ನೋಡಿದ, ಫೋನು ಹಚ್ಚಿ ಯಾರಿಗೋ ಏನೋ ಹೇಳಿದ. ದಾರಿ ಕಲ್ಲನ್ನು ಸುತ್ತುಹಾಕಿಕೊಂಡು ಹೋಯಿತು.

ಗುಡ್ಡದಲ್ಲಿ ಕುರಿ ಮೇಯಿಸುವ ಮೈಲಾರಪ್ಪ ಆ ವಾರವೇ ತೆಂಗಿನಕಾಯಿ ಒಡೆದ. ಯಂತ್ರವನ್ನೇ ತಡೆದು ನಿಲ್ಲಿಸಿದ ದೇವರೆಂದರೆ ಸಾಮಾನ್ಯವೇ? ಗಾಳಿ ಮಲ್ಲಯ್ಯ ಎಂದು ಹೆಸರಾಯಿತು. ಹರಕೆ ಶುರುವಾದವು. ಗಂಗಮ್ಮ ಕಾಕಿಯೂ ಒಂದು ದಿನ ಆಟೋ ಮಾಡಿಕೊಂಡು ಹೋಗಿ ಗಂಡನಿಗೆ ಆಗಷ್ಟೇ ಶುರುವಾಗಿದ್ದ ಎದೆನೋವಿಗೆಂದು ಹರಕೆ ಹೊತ್ತು ಬಂದರು. ಆ ದೇವರಿಗೆ ಮೊದಲ ಅರಿಷಿಣ ತಮ್ಮ ಜಗಲಿಯಿಂದಲೇ ಹೋದದ್ದು ಅವರಿಗೆ ಗೊತ್ತಿರಲಿಲ್ಲ. ಕಾಕಾ ಹೇಳಲಿಲ್ಲ. “ನಂಬಿಕಿ ಇರ್ಲಿ ಬಿಡು. ಜಾಗ ಉಳೀತಲ್ಲ” ಎಂದು ನನ್ನ ಹತ್ತಿರ ಸಮಾಧಾನ ಹೇಳಿಕೊಂಡರು.

ಎದೆನೋವು ಬಂದ ಮೇಲೆ ಅವರನ್ನು ಗುಡ್ಡ ಹತ್ತಿಸಲು ನನಗೆ ಧೈರ್ಯವಿರಲಿಲ್ಲ. ಆದರೂ ಫ್ಯಾನಿನ ದಾರಿ ಇತ್ತಲ್ಲ, ಸ್ಕೂಟರು ನೆತ್ತಿಯವರೆಗೂ ಹೋಗುತ್ತಿತ್ತು. ಹಟ ಮಾಡಿದರು, ಕರೆದುಕೊಂಡು ಹೋದೆ. ನೆತ್ತಿಯಲ್ಲಿ ಕಲ್ಲಿರಲಿಲ್ಲ.

ಮೈಲಾರಪ್ಪ ಓಡಿಬಂದ. ಕೆಳಗಡೆ ಬೇವಿನ ಗಿಡದ ನೆರಳಲ್ಲಿ ಸಿಮೆಂಟಿನ ಕಟ್ಟೆ, ಮೇಲೆ ತಗಡು, ಕಟ್ಟೆಯ ಮೇಲೆ ಹೊಸ ಪಂಚೆ ಉಟ್ಟು ಕುಳಿತಿದ್ದ ಗಾಳಿ ಮಲ್ಲಯ್ಯ. “ನೆತ್ತಿ ಮ್ಯಾಲ ಬಿಸಿಲಿಗೆ ಸುಡ್ತಿದ್ದ ನಮ್ಮಪ್ಪ. ಎಲ್ಲಾರೂ ಕೂಡಿ ನೆರಳಿಗೆ ತಂದ್ವಿ ನೋಡ್ರಿ. ನೀವು ಮೊದಲ್ನೇ ಭಕ್ತರು, ಪೂಜಿ ನಿಮ್ಮ ಕೈಲೇ ಆಗ್ಲಿ.”

ಕಾಕಾ ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಮೈಲಾರಪ್ಪನ ಸಂತೋಷ ನೋಡಿ ಹೇಗೆ ಬೈಯುವುದು? ಕಾಯಿ ಒಡೆದರು, ಪ್ರಸಾದ ತಗೊಂಡರು, ಮೆಲ್ಲಗೆ ನೆತ್ತಿಗೆ ವಾಪಸು ಬಂದು ಕಲ್ಲು ಕಿತ್ತ ಗುಂಡಿಯ ಪಕ್ಕ ಕುಸಿದು ಕುಳಿತರು. ಹುಟ್ಟಿದಾಗಿನಿಂದ ಅಷ್ಟು ಸೋತ ಮುಖವನ್ನು ನಾನು ನೋಡಿರಲಿಲ್ಲ.

ಸುಮ್ಮನೆ ಕೈಯಾಡಿಸುತ್ತಿದ್ದವರ ಬೆರಳು ಗುಂಡಿಯ ತಳದಲ್ಲಿ ನಿಂತಿತು. ಮಣ್ಣು ಸರಿಸಿದರು. ಬಾಟಲಿಯ ನೀರು ಹೊಯ್ದರು. ಕೆಳಗಿನ ಹಾಸುಬಂಡೆಯ ಮೇಲೆ, ನಿನ್ನೆ ಉಳಿ ಇಟ್ಟ ಹಾಗೆ, ದುಂಡನೆಯ ಗೆರೆ, ನಡುವೆ ಚುಕ್ಕಿ. ಮೇಲಿನ ಕಲ್ಲನ್ನು ಯಾರಾದರೂ ಕಿತ್ತರೂ ಜಾಗ ತಪ್ಪಬಾರದೆಂದು ಅಳತೆಯವರು ಅದರ ಕೆಳಗೆ ಬಂಡೆಗೇ ಇನ್ನೊಂದು ಗುರುತು ಹೊಡೆದಿದ್ದರು. ಕಲ್ಲು ಇದ್ದಲ್ಲೇ ಇದ್ದಿದ್ದರೆ ಕಾಕಾ ಇದನ್ನು ಎಂದೂ ನೋಡುತ್ತಿರಲಿಲ್ಲ. ಅವರು ಅತ್ತರು. ಮುಚ್ಚುಮರೆ ಇಲ್ಲದೆ, ಮೂಗು ಒರೆಸಿಕೊಳ್ಳುತ್ತಾ ಅತ್ತರು.

ಕುರಿಗಳ ಸದ್ದು ಕೇಳಿಸಿತು. ಮೈಲಾರಪ್ಪ ಮೇಲೇರಿ ಬರುತ್ತಿದ್ದ.

“ಮಣ್ಣು ಎಳಿ ಲೇ! ಲಗೂನ! ಇವ ನೋಡಿದ್ರ ದೇವರ ಪಾದ ಅಂತಾನ!”

ಇಬ್ಬರೂ ನಾಯಿಗಳ ಹಾಗೆ ಮಣ್ಣು ಎಳೆದು, ಮೇಲೆ ಕಲ್ಲುಕಡ್ಡಿ ಹರಡಿ, ಅದರ ಮೇಲೇ ಕುಳಿತೆವು.

“ಏನು ಹುಡುಕಾಕತ್ತೀರ್ರಿ ಯಜಮಾನ್ರ?”

“ಏನಿಲ್ಲಪಾ. ಗಾಳಿ ಚಲೋ ಐತಿ, ಕುಂತೀವಿ” ಎಂದರು ಕಾಕಾ. ಜೀವಮಾನದಲ್ಲಿ ಮೊದಲ ಸಲ ಒಂದು ಗುರುತು ಕಂಡು ಬಾಯಿ ಮುಚ್ಚಿಕೊಂಡಿದ್ದರು. ಇಳಿಯುವಾಗ ಮಿರ್ಚಿ ತಿನ್ನೋಣ ಎಂದರು. ಡಾಕ್ಟರು ಬೇಡ ಎಂದಿದ್ದಾರೆ ಎಂದರೆ, “ನಾ ಕಂಡಿದ್ದು ಡಾಕ್ಟರ್ ಕಂಡಾನೇನು?” ಎಂದು ಎರಡು ಪ್ಲೇಟು ತಿಂದರು.

ಅದೇ ಅವರ ಕೊನೆಯ ಸವಾರಿ. ಮಳೆ ಹಿಡಿಯುವ ಮೊದಲೇ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತುವಾಗ ಹೋಗಿಬಿಟ್ಟರು.

ಈಗ ನಾನೊಬ್ಬನೇ ಆ ಗುಡ್ಡಕ್ಕೆ ಹೋಗುತ್ತೇನೆ. ಬೇವಿನ ನೆರಳಲ್ಲಿ ಗಾಳಿ ಮಲ್ಲಯ್ಯನಿಗೆ ಗಂಟೆ ಬಂದಿದೆ, ಲೈಟು ಬಂದಿದೆ. ನೆತ್ತಿಯ ಮೇಲೆ, ಎಲ್ಲರೂ ತುಳಿದು ಓಡಾಡುವ ಕಡೆ, ನನಗೊಬ್ಬನಿಗೇ ಗೊತ್ತಿರುವ ಒಂದು ಮಾರು ನೆಲವಿದೆ. ಅಲ್ಲಿ ನಿಂತಾಗ ಕಾಕಾ ನೆನಪಾಗಿ ಕೈಗಳು ತಾವಾಗಿಯೇ ಎದೆಯ ಹತ್ತಿರ ಬರುತ್ತವೆ. ಮುಗಿಯುವುದಿಲ್ಲ. ಜೇಬಿಗೆ ಹಾಕಿಕೊಳ್ಳುತ್ತೇನೆ. ಅತ್ತ ಕುರಿ ಬಿಟ್ಟುಕೊಂಡು ಮೈಲಾರಪ್ಪ ನನ್ನನ್ನೇ ನೋಡುತ್ತಿರುತ್ತಾನೆ.