ಕೆಮ್ಮಿದರೂ ನಿಲ್ಲದ ಹಾಡು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ರಾಣೆಬೆನ್ನೂರಿನ ಆ ಮೈದಾನದಲ್ಲಿ ಅಷ್ಟು ಮಂದಿಯ ತುಟಿ ಒಡೆದದ್ದಕ್ಕೆ, ಅಷ್ಟು ಕುರ್ಚಿಗಳು ಹಾರಿದ್ದಕ್ಕೆ, ಸಾವಿರಾರು ಜನರ ಕಣ್ಮಣಿಯಾದ ಹಾಡುಗಾರನೊಬ್ಬ ಒಂದೇ ಕಾಲಿನ ಬೂಟಿನಲ್ಲಿ ಕಾರು ಹತ್ತಿದ್ದಕ್ಕೆ ಕಾರಣ ನಾನು. ಪೊಲೀಸರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಿ ಚಹಾ ಕುಡಿಯಲು ಹೋಗಲಿ. ನಾನು ಯಾರ ಮೇಲೂ ಕೈ ಎತ್ತಲಿಲ್ಲ. ಒಂದು ಟವೆಲ್ ಬೀಸಿದೆ. ಅದೂ ನಾಲ್ಕು ಜನ ನಗಲಿ ಎಂದು.

ಮಂದಿಯ ದನಿ ಕದಿಯುವುದು ನನಗೆ ಚಿಕ್ಕಂದಿನಿಂದ ಅಂಟಿದ ಚಟ. ಹಾವೇರಿಯಲ್ಲಿ ಮೊಬೈಲ್ ಕವರ್ ಮಾರುವ ಅಂಗಡಿಯಲ್ಲಿ ಕೂರುತ್ತೇನೆ. ಬಂದವರು ಹೊರಗೆ ಕಾಲಿಡುವುದರೊಳಗೆ ಅವರಂತೆ ಮಾತಾಡಿ ತೋರಿಸುತ್ತೇನೆ. ಗುತ್ತಲ ಬಸ್ಸಿನ ಕಂಡಕ್ಟರ್ ತನ್ನದೇ ದನಿಯಲ್ಲಿ 'ಮುಂದ ಸರೀರಿ' ಎಂದು ನಾನು ಕೂಗಿದಾಗ ಕಪಾಳಕ್ಕೆ ಬಿಗಿದಿದ್ದ. ಹುಡುಗಿಯೊಬ್ಬಳು ನನ್ನನ್ನು ಒಲ್ಲೆ ಎಂದಾಗ ನನ್ನ ಮುಖ ಹೇಗಾಯಿತು ಎಂಬುದನ್ನೂ ನಾನೇ ಮಾಡಿ ತೋರಿಸುತ್ತೇನೆ. ಅದಕ್ಕೇ ಎಲ್ಲಕ್ಕಿಂತ ಹೆಚ್ಚು ನಗು ಬೀಳುತ್ತದೆ.

ನಗದವನು ಒಬ್ಬನೇ. ನನ್ನ ಗೆಳೆಯ. ಹತ್ತನೆಯ ತರಗತಿವರೆಗೆ ಜೊತೆಗೆ ಓದಿದವನು, ಈಗ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ. ನಾನು ಮೊಬೈಲ್ ಎತ್ತಿದಷ್ಟು ಸಲೀಸಾಗಿ ಚೀಲ ಎತ್ತುತ್ತಾನೆ. ಇರುವೆಗೂ ದಾರಿ ಬಿಡುವ ಮನುಷ್ಯ, ಆ ಹಾಡುಗಾರನ ಸುದ್ದಿ ಬರುವವರೆಗೆ ಮಾತ್ರ. ಇನ್ನೊಬ್ಬ ಹಾಡುಗಾರನ ಅಭಿಮಾನಿಗಳ ಜೊತೆ ಮೋಟೆಬೆನ್ನೂರಿನಲ್ಲಿ ಹೊಡೆದಾಡಿ ಮುಂದಿನ ಹಲ್ಲಿನ ಅರ್ಧ ಅಲ್ಲೇ ಬಿಟ್ಟು ಬಂದಿದ್ದ. 'ಅವ್ರವು ಎರಡು ಬಿದ್ದಾವು' ಎಂದು ಆ ಉಳಿದರ್ಧ ಹಲ್ಲನ್ನು ತೋರಿಸಿಯೇ ನಕ್ಕಿದ್ದ.

ನಾನೂ ಅಭಿಮಾನಿಯೇ ಆಗಿದ್ದೆ, ಸುಳ್ಳೇಕೆ. ಹಾಡುಗಾರನಿಗೆ ಇನ್ನೂ ಹೆಸರಿಲ್ಲದ ಕಾಲದಲ್ಲಿ ಅವನು ಹಾವೇರಿಗೆ ಬಂದು, ಒಂದು ಸಾಮಾನಿನ ಗಾಡಿಯ ಮೇಲೆ ನಿಂತು ಹಾಡಿದ್ದ. ನಡುವೆ ಕರೆಂಟು ಹೋಯಿತು. ಮೈಕು ಎಸೆದು, ಹೆಗಲ ಮೇಲಿನ ಟವೆಲ್ ತಲೆಯ ಮೇಲೆ ಗಿರ್ರನೆ ತಿರುಗಿಸುತ್ತ, ಬರಿಗಂಟಲಲ್ಲಿ ಮೂರು ಹಾಡು ಹಾಡಿದ. ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತ್ತು. ಮರುದಿನ ನಾವಿಬ್ಬರೂ ಮಾತಾಡಲಾಗದೆ ಬರೀ ಗಾಳಿ ಬಿಡುತ್ತಿದ್ದೆವು, ಅಷ್ಟು ಕೂಗಿದ್ದೆವು.

ಆಮೇಲೆ ಅವನ ಹಾಡು ಟ್ರ್ಯಾಕ್ಟರ್‌ಗಳಲ್ಲಿ, ಮದುವೆಗಳಲ್ಲಿ, ಬ್ಯಾಡಗಿಯಲ್ಲಿ ಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಬಾಯಲ್ಲಿ ಎಲ್ಲೆಲ್ಲೂ ಬಂತು. ಕೂದಲಿಗೆ ಬಣ್ಣ ಬಂತು, ಕರಿ ಕನ್ನಡಕ ಬಂತು, ಹಿಂದೆ ಮುಂದೆ ದಪ್ಪ ತೋಳಿನ ಕಾವಲಿನವರು ಬಂದರು. ಹಾಡುಗಳೆಲ್ಲ ಒಂದೇ ಬಡಿತಕ್ಕೆ ಬಡಿಯತೊಡಗಿದವು. ನನಗೆ ಹೊಟ್ಟೆಯಲ್ಲಿ ಸಿಟ್ಟು ಹುಟ್ಟಿತು. ಪ್ರೀತಿಸಿದವರ ಮೇಲೆ ಬರುವಂಥ ಸಿಟ್ಟು. ಈಗ ಅವನು ಹಾಡುವುದೇ ಇಲ್ಲ, ಮೊದಲೇ ಮುದ್ರಿಸಿದ ಟ್ರ್ಯಾಕ್ ಹಚ್ಚಿ ಬಾಯಿ ಆಡಿಸುತ್ತಾನೆ ಎಂದು ಮದುವೆ ಮನೆಗಳಲ್ಲಿ ಅವನ ಅಣಕು ಮಾಡತೊಡಗಿದೆ. ಗೆಳೆಯ ಮಾತ್ರ ಎದ್ದು ಹೋಗುತ್ತಿದ್ದ.

ಅಂಥವನಿಗೆ ರಾಣೆಬೆನ್ನೂರಿನ ಕಾರ್ಯಕ್ರಮದ ಆ ದಿನ ಭಾಗ್ಯ ಬಂದಿತ್ತು. ಮೂರನೆಯ ಹಾಡು ಮುಗಿದ ಮೇಲೆ ಬ್ಯಾಡಗಿಯ ಅಭಿಮಾನಿಗಳ ಪರವಾಗಿ ವೇದಿಕೆ ಹತ್ತಿ ಹಾಡುಗಾರನಿಗೆ ಏಲಕ್ಕಿ ಮಾಲೆ ಹಾಕಬಹುದು ಎಂದು ಸಂಘಟಕರು ಮಾತು ಕೊಟ್ಟಿದ್ದರು. ವಾರದಿಂದ ಅವನು ಸರಿಯಾಗಿ ಉಂಡಿರಲಿಲ್ಲ. ಹಾವೇರಿಯಲ್ಲಿ ಕಟ್ಟಿಸಿದ ಮಾಲೆಯನ್ನು ಡಬ್ಬಿಯಲ್ಲಿಟ್ಟುಕೊಂಡು ನಾನು ಬೈಕಿನಲ್ಲಿ ಹೊರಟೆ, ಅವನನ್ನು ಮೋಟೆಬೆನ್ನೂರಿನಲ್ಲಿ ಹತ್ತಿಸಿಕೊಂಡೆ. ಅಂಗಿ ಹೊಸದು. ಹೆಗಲ ಮೇಲಿನ ಟವೆಲ್ ಮಾತ್ರ ಪೇಟೆಯದೇ, ಕೆಂಪಗೆ.

'ಜಳಕಾನೂ ಮಾಡ್ಲಿಲ್ಲೇನಲೇ?'

'ಲಾರಿ ತಡಾ ಆತೋ ದೋಸ್ತ. ಇಳಿಸಿ ಹಂಗ ಓಡಿ ಬಂದೇನಿ. ಟವೆಲ್ ಇಲ್ದ ಅಣ್ಣನ ಕಾರ್ಯಕ್ರಮಕ್ಕ ಹೋಗಾಕ ಬರ್ತೈತೇನು?'

ಡಬ್ಬಿ ಕೊಡಲು ಹೋದೆ. ಕೈ ಹಿಂದೆ ಎಳೆದುಕೊಂಡ.

'ಬ್ಯಾಡ, ನೀನ ಹಿಡಿ. ನನ್ನ ಕೈ ಖಾರ ಐತಿ. ಅಣ್ಣನ ಕುತ್ತಿಗಿಗೆ ಹತ್ತಿ ಉರದೀತು. ಅಲ್ಲಿ ಹೋಗಿ ಸಬಕಾರ ಹಚ್ಚಿ ತೊಳಕೋತೇನಿ.'

ರಾಣೆಬೆನ್ನೂರು ಮುಟ್ಟಿದ ಮೇಲೆ ಮೈದಾನದ ನಲ್ಲಿಯಲ್ಲಿ ಮೂರು ಸಲ ಕೈ ತೊಳೆದ. ಎರಡನೆಯ ಸಾಲಿನಲ್ಲಿ ಕುಳಿತೆವು. ಬಿಸಿಲು ಇನ್ನೂ ಇತ್ತು. ಹಾಡುಗಾರ ಎರಡು ತಾಸು ತಡವಾಗಿ ಬಂದ. ಜನ ಕುದಿಯುತ್ತಿದ್ದರು. ಮೊದಲ ಹಾಡಿಗೇ ಹಿಂದಿನ ಸಾಲಿನಲ್ಲಿ ಕಿವಿಗೆ ಓಲೆ ಹಾಕಿದ್ದ ರಾಣೆಬೆನ್ನೂರಿನ ಹುಡುಗನೊಬ್ಬ ಗಟ್ಟಿಯಾಗಿ ಶುರು ಮಾಡಿದ.

'ಇದೇನ್ ಹಾಡೂದಲೇ? ಟ್ರ್ಯಾಕ್ ಹಚ್ಚಿ ಬಾಯಿ ತಗದು ಮುಚ್ಚಾಕತ್ತಾನ. ನಮ್ಮನಿ ಗಾಜಿನ ಡಬ್ಬ್ಯಾಗಿನ ಮೀನಾನೂ ಹಿಂಗ ಮಾಡ್ತಾವು!'

ಗೆಳೆಯ ತಿರುಗಿದ. 'ಏನಂದಿ? ಇನ್ನೊಮ್ಮಿ ಅನ್ನು.'

'ಮೀನಾ ಅಂದೆ. ಕಿವಿ ಕೇಳಸ್ತಾವಿಲ್ಲ?'

'ಅಣ್ಣ ಸ್ವಂತ ಗಂಟಲಿಂದ ಹಾಡ್ತಾನ. ಕರೆಂಟ್ ಹೋದಾಗ ಹಾಡ್ಯಾನ, ಕಣ್ಣಾರೆ ನೋಡೇನಿ.'

'ಹಂಗಾರ ಆ ಕರೆಂಟ್ ಕಂಪನಿಯವ್ರಿಗೆ ಹೇಳಿ ಇವತ್ತೂ ತಗಸು ಹೋಗು!'

ಗೆಳೆಯನ ಕೈ ಅವನ ಕಾಲರಿಗೆ ಹೋಯಿತು. ಅವನ ಕೈ ಗೆಳೆಯನ ಹೊಸ ಅಂಗಿಗೆ ಬಂತು. ಗುಂಡಿ ಎರಡು ಹಾರಿದವು. ನನಗೋ, ನಕ್ಕರೆ ಎಲ್ಲ ಮುಗಿಯುತ್ತದೆ ಎಂಬ ಹುಂಬ ನಂಬಿಕೆ. ಕುರ್ಚಿ ಹತ್ತಿ ಹಾಡುಗಾರನ ದನಿ ತೆಗೆದೆ. 'ಏನ್ರೀಪಾ ರಾಣೆಬೆನ್ನೂರ, ಆರಾಮದೀರಿಲ್ಲೋ!'

ಸುತ್ತಲಿನವರು ಗೊಳ್ಳೆಂದರು. ಓಲೆಯ ಹುಡುಗನೂ ನಕ್ಕ. ಹಿಡಿದ ಕಾಲರುಗಳು ಸಡಿಲವಾದವು. ಆಗಲೇ ಇಳಿದುಬಿಡಬೇಕಿತ್ತು. ಅಣಕಿಸುವವನಿಗೆ ಇಳಿಯುವುದು ಗೊತ್ತಿದ್ದರೆ ಊರಿಗೆ ಒಳ್ಳೆಯದಾಗುತ್ತಿತ್ತು. ನಾನು ಗೆಳೆಯನ ಹೆಗಲಿನಿಂದ ಟವೆಲ್ ಕಿತ್ತುಕೊಂಡು, ಹಾಡುಗಾರನಂತೆಯೇ, ತಲೆಯ ಮೇಲೆ ಗಿರ್ರನೆ ತಿರುಗಿಸಿದೆ.

ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಆದರೆ ಅವನು ಆ ದಿನ ಇಳಿಸಿ ಬಂದದ್ದು ಆಂಧ್ರದ ಲಾರಿ.

ಇಳಿಬಿಸಿಲಲ್ಲಿ ಕೆಂಪು ಧೂಳು ಚೆಂದವಾಗಿಯೇ ಹರಡಿತು. ಮೊದಲು ಒಂದು ಸೀನು. ಆಮೇಲೆ ಇಡೀ ಸಾಲು. ಆಮೇಲೆ ಕಿರುಚಾಟ. 'ಖಾರಾ ಹೊಡದ್ರಲೇ! ಕಣ್ಣಿಗೆ ಖಾರಾ ಹೊಡದ್ರು ಬ್ಯಾಡಗ್ಯಾವ್ರು!' ಓಲೆಯ ಹುಡುಗ ಕಣ್ಣು ಮುಚ್ಚಿಕೊಂಡೇ ಗುದ್ದಿದ. ಅದು ನನ್ನ ತುಟಿಗೆ ಬಿತ್ತು. ಕುರ್ಚಿಯ ಸಮೇತ ನೆಲ ಕಂಡೆ. ನನ್ನ ಬೆನ್ನ ಮೇಲೆ ಇಬ್ಬರು ಬಿದ್ದರು, ಅವರ ಮೇಲೆ ಯಾರೋ ಕುರ್ಚಿ ಬೀಸಿದರು. ಕಾಣದ ಕಣ್ಣಿನವರು ಕೈಗೆ ಸಿಕ್ಕವರನ್ನು ಹೊಡೆಯುತ್ತಿದ್ದರು. ಅಣ್ಣ ತಮ್ಮನನ್ನು, ಮಾವ ಅಳಿಯನನ್ನು. ಬಾಯಿಗೆ ಉಪ್ಪುಪ್ಪು ರಕ್ತ, ಮೂಗಿಗೆ ಘಾಟು. ನನ್ನ ತಲೆಯ ಪಕ್ಕದಲ್ಲೇ ಯಾರದೋ ಚಪ್ಪಲಿ ಕಾಲು ಏಲಕ್ಕಿ ಮಾಲೆಯ ಡಬ್ಬಿಯನ್ನು ಪಚ್ಚನೆ ತುಳಿಯಿತು.

ಗಾಳಿ ವೇದಿಕೆಯ ಕಡೆಗಿತ್ತು. ಹಾಡುಗಾರ ಎರಡನೆಯ ಹಾಡಿನಲ್ಲಿದ್ದ, ಉಸಿರು ಕಟ್ಟಿ ಎಳೆಯುವ ಆ ಉದ್ದನೆಯ ಸಾಲಿನಲ್ಲಿ. ಘಾಟು ಅವನ ಮೂಗಿಗೆ ಹೋಯಿತು. ಕೆಮ್ಮಿದ. ಬಾಗಿದ. ಮಂಡಿಯೂರಿ, ಕನ್ನಡಕ ಬೀಳಿಸಿಕೊಂಡು, ನಾಲಗೆ ಹೊರಗೆ ಹಾಕಿ ಕೆಮ್ಮಿದ. ಹಾಡು ಮಾತ್ರ ಎಲ್ಲೂ ತುಂಡಾಗದೆ ಮೇಲಕ್ಕೇರಿ ಜೇನಿನಂತೆ ಇಳಿಯಿತು.

ಹೊಡೆದಾಟ ಒಂದು ಕ್ಷಣ ನಿಂತೇ ಹೋಯಿತು. ಎತ್ತಿದ ಕುರ್ಚಿಗಳು ಎತ್ತಿದಲ್ಲೇ ಇದ್ದವು. ಹಿಂದಿನಿಂದ ಒಬ್ಬ ಮುದುಕ ಕೂಗಿದ, 'ಎಲಾ ಇವನ! ಕೆಮ್ಮಿದ್ರೂ ಹಾಡ್ತೈತಲೋ!'

ಆಮೇಲೆ ಎಲ್ಲ ಕುರ್ಚಿಗಳೂ ಒಂದೇ ದಿಕ್ಕಿಗೆ ಹಾರಿದವು. ಕಾಲು ತಾಸಿನ ಹಿಂದೆ ಅವನಿಗಾಗಿ ಸೀಟಿ ಊದಿದ ಬಾಯಿಗಳೇ ಅವನ ತಾಯಿಯನ್ನು ಬಯ್ಯುತ್ತಿದ್ದವು. ದೊಡ್ಡ ಡಬ್ಬಗಳಂಥ ಸ್ಪೀಕರುಗಳು ಉರುಳಿದವು. ಹಾಡು ಗೊರಗೊರ ಎಂದು ಸತ್ತಿತು. ಸಂಘಟಕನೊಬ್ಬನ ತಲೆ ಒಡೆದು ಬಿಳಿ ಅಂಗಿಯ ಮೇಲೆಲ್ಲ ಕೆಂಪಾಯಿತು. ನಾನೂ ಕೂಗುತ್ತಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ. ನನ್ನ ಮಾತೇ ಗೆದ್ದಿತಲ್ಲ ಎಂಬ ಖುಷಿ, ಒಡೆದ ತುಟಿಯಲ್ಲೂ.

ಆಗ ಗೆಳೆಯ ವೇದಿಕೆ ಹತ್ತುವುದು ಕಂಡಿತು. ಹೊಡೆಯಲು ಹೋದ ಎಂದುಕೊಂಡೆ. ಅವನು ಹಾಡುಗಾರನ ಮುಂದೆ ಹೋಗಿ ನಮ್ಮ ಕಡೆ ಮುಖ ಮಾಡಿ, ಎರಡೂ ಕೈ ಅಗಲಿಸಿ ನಿಂತ. 'ಒಗೀಬ್ಯಾಡ್ರಿ! ಒಗೀಬ್ಯಾಡ್ರೋ ಯಪ್ಪಾ!' ಕಣ್ಣಿಂದ ನೀರು ಹರಿಯುತ್ತಿತ್ತು. ಕುರ್ಚಿಯ ಕಾಲೊಂದು ಅವನ ಹಣೆಗೆ ಬಡಿಯಿತು. ಕದಲಲಿಲ್ಲ. ಎರಡನೆಯದು ಭುಜಕ್ಕೆ. ಕದಲಲಿಲ್ಲ. ಹಿಂದಿನಿಂದ ದಪ್ಪ ತೋಳಿನವರು ಬಂದು, ಇವನೇ ಗಲಾಟೆಯವನು ಎಂದು ಕುತ್ತಿಗೆ ಹಿಡಿದು, ಮಂಡಿಯಿಂದ ಪಕ್ಕೆಗೆ ಗುದ್ದಿದರು. ಹಾಡುಗಾರ ಮೈಕು ಹಿಡಿದು ಗೊಗ್ಗರು ದನಿಯಲ್ಲಿ ಕೂಗಿದ, 'ಒದ್ದ ಹೊರಗ ಹಾಕ್ರಿ ಇವನ್ನ!' ಆ ದಿನ ಟ್ರ್ಯಾಕ್ ಇಲ್ಲದೆ ಅವನ ಬಾಯಿಂದ ಬಂದದ್ದು ಅದೊಂದೇ ಸಾಲು.

ಅವರು ಒದ್ದೇ ಹಾಕಿದರು. ಹಾಡುಗಾರ ಒಂದು ಬೂಟು ವೇದಿಕೆಯಲ್ಲೇ ಬಿಟ್ಟು ಕಾರಿಗೆ ಓಡಿದ. ಅಷ್ಟರಲ್ಲಿ ಪೊಲೀಸರ ಲಾಠಿ ಬಂತು, ಅದರಲ್ಲಿ ನನ್ನ ಪಾಲು ನನ್ನ ತೊಡೆಗಳಿಗೆ ಸಿಕ್ಕಿತು. ಆಸ್ಪತ್ರೆಯಲ್ಲಿ ಗೆಳೆಯನ ಹಣೆಗೆ ಏಳು ಹೊಲಿಗೆ ಹಾಕುವಾಗ ಪಕ್ಕದಲ್ಲೇ ನಿಂತು, 'ನೋಡಿದಿಲ್ಲೋ, ನಾ ಹೇಳಿದ್ದ ಖರೇ ಆತು' ಎಂದೆ. ಅವನು ಗೋಡೆಯ ಕಡೆ ತಿರುಗಿದ.

ಮರುದಿನವೇ ಬ್ಯಾಡಗಿಯಲ್ಲಿ ಹಮಾಲರು ಚೀಲ ಎಳೆಯುವ ಕೊಕ್ಕೆಗಳಿಂದ ಹಾಡುಗಾರನ ಫ್ಲೆಕ್ಸ್ ಸೀಳಿದರು. ಅಭಿಮಾನಿಗಳ ಸಾಲಿನಲ್ಲಿ ಮೂಲೆಗೆ ಅಚ್ಚಾಗಿದ್ದ ಗೆಳೆಯನ ಮುಖವೂ ಅದರ ಜೊತೆ ಹೋಯಿತು. ಹಾಡುಗಾರನ ಹಾಡು ಹಚ್ಚಿದ ಟ್ರ್ಯಾಕ್ಟರಿನವನಿಗೆ ಕಪಾಳಕ್ಕೆ ಬಿತ್ತು. ಎರಡು ತಿಂಗಳಲ್ಲಿ ಸಿಟ್ಟು ತಣ್ಣಗಾಗಿ, 'ಅಂವನ ಹಳೇವು ಚಲೋ ಇದ್ದೂ ಬಿಡು' ಎನ್ನುವವರೂ ಹುಟ್ಟಿದರು. ಗೆಳೆಯ ಮಾತ್ರ ಮೊದಲ ದಿನದಿಂದಲೂ ಬ್ಯಾಂಡೇಜು ಕಟ್ಟಿದ ತಲೆಯಲ್ಲೇ ಆ ಹಳೆಯ ಹಾಡುಗಳನ್ನು ಹಚ್ಚಿಕೊಂಡು ಚೀಲ ಹೊತ್ತನಂತೆ. ನಿಲ್ಲಿಸಲು ಬಂದ ಒಬ್ಬನನ್ನು ಚೀಲದಂತೆಯೇ ಎತ್ತಿ ರಾಶಿಯ ಮೇಲೆ ಒಗೆದನಂತೆ. ನನ್ನ ಫೋನು ಎತ್ತಲಿಲ್ಲ. ಆ ಮಾಲೆ ಅವನ ಕೈಯಿಂದ ಹಾಡುಗಾರನ ಕೊರಳಿಗೆ ಬೀಳದಂತೆ ಮಾಡಿದವನು ನಾನು ಎಂಬುದು ನನಗೆ ರಾತ್ರಿ ಊಟ ಸೇರದಷ್ಟು ಚುಚ್ಚತೊಡಗಿತು.

ಕೊನೆಗೊಂದು ಮಧ್ಯಾಹ್ನ ಪೇಟೆಗೆ ಹೋದೆ. ಹೆಂಗಸರು ಸಾಲಾಗಿ ಕುಳಿತು ತೊಟ್ಟು ಬಿಡಿಸುತ್ತಿದ್ದರು. ಅವನು ಬೆನ್ನ ಮೇಲೆ ಚೀಲ ಹೊತ್ತು ಬರುತ್ತಿದ್ದ. ಹಣೆಯ ಮೇಲೆ ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವನ ಮುಖ ಕಂಡಕೂಡಲೇ ಜೋಡಿಸಿದ್ದೆಲ್ಲ ಚೆದುರಿತು. ಬಾಯಿ ತೆರೆದರೆ ಹೊರಬಂದದ್ದು ಹಾಡುಗಾರನ ದನಿ. 'ತಪ್ಪಾತೋ ತಮ್ಮಾ, ಹೊಟ್ಟ್ಯಾಗ ಹಾಕ್ಕೋ.'

ಹೆಂಗಸರು ಕಿಸಕ್ಕನೆ ನಕ್ಕರು. ಒಬ್ಬ ಅಜ್ಜಿ, 'ಬಾಡ್ಯಾ, ನಿನ್ನ ಬಾಯಿಗೆ ಹುಳಾ ಬೀಳ್ಲಿ' ಎಂದು ಬಿಡಿಸಿದ ತೊಟ್ಟು ಒಂದು ಹಿಡಿ ನನ್ನ ಮೇಲೆ ಎಸೆದಳು. ಗೆಳೆಯ ಚೀಲವನ್ನು ಧೊಪ್ಪೆಂದು ಕೆಡವಿ ನನ್ನ ಹತ್ತಿರ ಬಂದ. ನಾನು ಎರಡೂ ಕೈಗಳಿಂದ ಕೆನ್ನೆ ಮುಚ್ಚಿಕೊಂಡೆ. ಅವನು ಹೊಡೆಯಲಿಲ್ಲ.

'ಅಂವ ಟ್ರ್ಯಾಕ್ ಹಚ್ಚಿದ್ದ ಹೌದು, ಆದ್ರ ಅದರಾಗಿನ ದನಿಯಾದ್ರೂ ಅವಂದ ಇತ್ತು. ನೀ ತಪ್ಪಾತು ಅನ್ನಾಕೂ ಮಂದಿ ದನಿ ತಗೊಂಡ ಬಂದೀಯಲ್ಲಲೇ!'