ಶಾಮಿಯಾನದೊಳಗಿನ ಯಂತ್ರ

ನಿಂಗರಾಜ ಮಾಡುತ್ತಿರುವುದು ‘ಆರ್ಗ್ಯಾನಿಕ್ ಮಷೀನು’ ಎಂದು ಕೇಳಿ, ಬಿಟಿಎಂ ಲೇಔಟಿನಲ್ಲಿ ಅವನು ಬಾಡಿಗೆಗಿದ್ದ ಮನೆಯ ಓನರ್ ಮುನಿಯಕ್ಕ, ‘ನಮ್ಮನೆಗೂ ಒಂದ್ ಕೆಜಿ ಟೊಮ್ಯಾಟೊ ತಗೊಂಬಾಪ್ಪ’ ಎಂದಿದ್ದಳು. ಅವನು ನಕ್ಕಿದ್ದ. ಚಿಮಣಿಯಲ್ಲಿ ಸುಮ್ಮನೆ ಹಾಳಾಗುವ ಬಿಸಿಯಿಂದ ಕರೆಂಟು ತೆಗೆಯುವ ಯಂತ್ರ ಅದು. ಅದರೊಳಗೆ ನೀರಿಗಿಂತ ಬೇಗ ಕುದಿಯುವ ಒಂದು ‘ಆರ್ಗ್ಯಾನಿಕ್’ ದ್ರವ, ಅಂದರೆ ಇಂಗಾಲದ ರಾಸಾಯನಿಕ, ಆವಿಯಾಗಿ ಟರ್ಬೈನ್ ತಿರುಗಿಸುತ್ತದೆ. ಆಮೇಲೆ ಫ್ಯಾನಿನ ಗಾಳಿಗೆ ತಣ್ಣಗಾಗಿ, ಮತ್ತೆ ದ್ರವವಾಗಿ ವಾಪಸು ಬರುತ್ತದೆ. ಇಷ್ಟನ್ನು ಸರಿಮಾಡಲು ಗದಗಿನ ಈ ಮನುಷ್ಯ ಅರೆಕೆರೆಯ ಶೆಡ್ಡಿನಲ್ಲಿ, ಪಕ್ಕದ ಬೇಕರಿಯ ಚಿಮಣಿಗೆ ಅಂಟಿಕೊಂಡು, ತನ್ನ ಪ್ರಾಯವನ್ನೆಲ್ಲ ಸುರಿದಿದ್ದ.

ಯಂತ್ರವೋ ಮಹಾ ಹಟಮಾರಿ. ಒತ್ತಡ ಏರಿಸಿದರೆ ದಕ್ಷತೆ, ಅಂದರೆ ಒಳಗೆ ಹೋದ ಬಿಸಿಯಲ್ಲಿ ಕರೆಂಟಾಗುವ ಪಾಲು, ಏರುತ್ತಿತ್ತು. ಆದರೆ ಚಿಮಣಿಯಿಂದ ಎಳೆದುಕೊಳ್ಳುವ ಬಿಸಿಯೇ ಕಡಿಮೆಯಾಗಿ ಒಟ್ಟು ಕರೆಂಟು ಇಳಿಯುತ್ತಿತ್ತು. ಒತ್ತಡ ಇಳಿಸಿದರೆ ಕರೆಂಟು ಬರುತ್ತಿತ್ತು, ದಕ್ಷತೆ ಮುಖ ಸಿಂಡರಿಸುತ್ತಿತ್ತು. ಎರಡೂ ಒಪ್ಪುವ ಒಂದು ಜಾಗ ಈ ಬೇಸಿಗೆಯಲ್ಲಿ ಅಂತೂ ಸಿಕ್ಕಿತು. ಅಷ್ಟರಲ್ಲಿ ಶೆಡ್ಡಿನ ಮಾಲೀಕ, ಯಂತ್ರಕ್ಕೆ ದುಡ್ಡು ಹಾಕುತ್ತಿದ್ದ ದೇವದಾಸನ ತಾಳ್ಮೆ ಮುಗಿದಿತ್ತು.

‘ಆಯುಧ ಪೂಜೆ ದಿನ ಬಟ್ಟೆ ಮಿಲ್ಲಿನವರು ನೋಡೋಕೆ ಬರ್ತಾರೆ ಗುರು. ಅವ್ರು ಒಪ್ಲಿಲ್ಲ ಅಂದ್ರೆ ಬಿಚ್ಚಿ ಗುಜರಿಗೆ ಹಾಕ್ಬಿಡೋಣ.’

ಪೂಜೆಯ ಬೆಳಿಗ್ಗೆ ನಿಂಗರಾಜ ಶೆಡ್ಡಿಗೆ ಬಂದವನೇ ಯಂತ್ರದತ್ತ ಓಡಿದ. ದೇವದಾಸನ ತಾಯಿ ಗಿರಿಜಾದೇವಿ, ಯಂತ್ರಕ್ಕೇ ಮೊದಲ ಪೂಜೆ ಎಂದು, ಅದರ ಸುತ್ತ ಶಾಮಿಯಾನ ಕಟ್ಟಿಸಿದ್ದರು. ಮೂರು ಕಡೆ ಜರಿ ಪರದೆ. ಗಾಳಿ ಎಳೆಯುವ ಜಾಲರಿಗೆ ಒತ್ತಿಕೊಂಡು ಬಾಳೆಕಂದು, ಚೆಂಡುಹೂವು.

‘ಸರ, ಪರದೆ ಬಿಚ್ಚಸ್ರಿ. ಬಿಸಿ ಗಾಳಿ ಹೊರಗ ಹೋಗಂಗಿಲ್ಲ, ಫ್ಯಾನು ಅದನ್ನ ಮತ್ತ ಎಳ್ಕೋತೈತಿ. ಆವಿ ತಣ್ಣಗ ಆಗೂದಿಲ್ರೀ.’

‘ಅಮ್ಮಂಗೆ ನೀನೇ ಹೇಳಪ್ಪ,’ ಎಂದು ದೇವದಾಸ್ ಜಾರಿಕೊಂಡ.

ಗಿರಿಜಾದೇವಿ ಬೇಜಾರು ಮಾಡಿಕೊಳ್ಳಲಿಲ್ಲ. ‘ಮಂಗಳಾರತಿ ಆಗೋವರ್ಗೂ ಮಂಟಪ ಬಿಚ್ಬಾರ್ದಪ್ಪ, ಅಪಶಕುನ. ನಿನ್ ಮಷೀನಿಗೆ ಒಳ್ಳೇದಾಗ್ಲಿ ಅಂತ ತಾನೆ ಮಾಡಿರೋದು?’

ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು. ಅವರು ಹರಸುತ್ತಿದ್ದರು.

ಮಿಲ್ಲಿನವರು ಮಂಗಳಾರತಿಗೆ ಮೊದಲೇ ಬಂದರು. ನಿಂಗರಾಜ ಒತ್ತಡ ಏರಿಸಿದ, ಇಳಿಸಿದ, ಪಂಪು ನಿಧಾನ ಮಾಡಿದ. ದಕ್ಷತೆ, ಕರೆಂಟು ಎರಡರಲ್ಲಿ ಒಂದರ ಅಂಕಿ ಎದ್ದರೆ ಇನ್ನೊಂದರದು ಮಲಗುತ್ತಿತ್ತು. ಕೊನೆಗೆ ಎರಡೂ ಮಲಗಿದವು. ಅವನು ಪರದೆಯತ್ತ ಕೈ ತೋರಿಸಿ ವಿವರಿಸಲು ಹೊರಟ.

‘ಬಟ್ಟೆ ಕಟ್ಟಿದ್ರೆ ಸುಸ್ತಾಗೋ ಮಷೀನು ಬಟ್ಟೆ ಮಿಲ್ಲಲ್ಲಿ ಹೇಗ್ರೀ ಬಾಳತ್ತೆ?’ ಎಂದು ಅವರಲ್ಲೊಬ್ಬ ನಕ್ಕ. ಕೋಸಂಬರಿ ತಿಂದು, ಬೇಡವೆಂದು ಹೇಳಿ ಹೊರಟರು.

ಮಂಗಳಾರತಿಯಾಯಿತು, ಕುಂಬಳಕಾಯಿ ಒಡೆದರು. ಶಾಮಿಯಾನದವರು ಪರದೆ ಎಳೆದು ಮಡಚಿದರು, ಬಾಳೆಕಂದು ಕಿತ್ತರು. ಗಾಳಿ ಆಡತೊಡಗಿತು. ನಿಂಗರಾಜ ಮತ್ತೆ ಬೇಸಿಗೆಯ ಒತ್ತಡಕ್ಕೇ ತಂದಿಟ್ಟ. ಎರಡು ಅಂಕಿಗಳೂ ಮೆಲ್ಲಗೆ ಏರಿ, ತಮ್ಮ ಜಾಗದಲ್ಲಿ ನಿಂತವು. ದೇವದಾಸ್ ಬಗ್ಗಿ ಎರಡನ್ನೂ ಓದಿದ.

‘ಸಖತ್ತಾಗಿದೆ ಗುರು. ಆದ್ರೆ ಅವ್ರು ಹೋಗಾಯ್ತು. ಇನ್ನು ನನ್ ಕೈಲಿ ಆಗಲ್ಲ.’

ನಿಂಗರಾಜನಿಗೆ ಅಳು ಬಂತು. ಯಾರ ಮೇಲೆ ಸಿಟ್ಟಾಗಬೇಕೆಂದೂ ತಿಳಿಯಲಿಲ್ಲ. ಅಷ್ಟರಲ್ಲಿ ಗಿರಿಜಾದೇವಿ ಬಂದು, ಅವನ ಅಂಗೈಗೆ ಪ್ರಸಾದ ಹಾಕಿದರು.

‘ಎಲ್ಲಾ ಸಾಂಗವಾಗಿ ಆಯ್ತಲ್ಲಪ್ಪ?’

‘ಹೂಂನ್ರಿ ಅಮ್ಮಾರ, ಚಲೋ ಆತು,’ ಎಂದು ಅವರ ಕಾಲಿಗೆ ನಮಸ್ಕರಿಸಿ, ಅವನು ಯಂತ್ರ ನಿಲ್ಲಿಸಲು ಹೋದ.