ಅಮ್ಮ ಒಬ್ಬಳೇ ಹಚ್ಚಿದ ಅರಿಶಿನ

ಶಾಲೆಯ ಬೋರ್ಡು ಸರಿಯಾಗಿ ಕಾಣೋದಿಲ್ಲ ಎಂದು ಏಳು ವರ್ಷದ ಮಗಳನ್ನು ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಸ್ಕ್ಯಾನ್ ನೋಡಿದರು, ಅವಳ ಮೈಮೇಲಿನ ಕಂದು ಮಚ್ಚೆಗಳನ್ನು ಎಣಿಸಿದರು, ಕೊನೆಗೆ ನನ್ನ ಬೆನ್ನು ತೋರಿಸಿ ಎಂದರು. ಕಾಯಿಲೆ ಮಗಳಿಗೆ, ನನ್ನ ಬೆನ್ನೇಕೆ ಎಂದು ಸಿಟ್ಟು ಬಂತು. ತೋರಿಸಿದೆ. ಹುಟ್ಟುಮಚ್ಚೆ ಎಂದುಕೊಂಡಿದ್ದ ಅವೇ ಕಲೆಗಳು, ನಡುವೆ ಮೆತ್ತಗಿನ ಎರಡು ಗಂಟುಗಳು.

ನರಗಳ ಮೇಲೆ ಗಂಟು ಬೆಳೆಯುವ ಕಾಯಿಲೆಯಂತೆ. ಕ್ಯಾನ್ಸರ್ ಅಲ್ಲ. ತಾಯಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಮಗಳ ಎಡಗಣ್ಣಿನ ನರದ ಮೇಲೆ ಅಂಥದೊಂದು ಗಂಟು ಕೂತು, ನೋಟ ಮುಕ್ಕಾಲು ಹೋಗಿತ್ತು.

"ನಿಮ್ಮನೇಲಿ ಯಾರಿಗೂ ಗೊತ್ತಿರ್ಲಿಲ್ವಾ? ಗೊತ್ತಿದ್ರೆ ಹುಟ್ಟಿದಾಗಿಂದ್ಲೇ ಕಣ್ಣು ನೋಡ್ತಾ ಇರಬಹುದಿತ್ತು" ಎಂದರು ಡಾಕ್ಟರು.

ಮಗಳನ್ನು ಎಳೆದುಕೊಂಡು ಗೋಣಿಬೀಡಿನ ಬಸ್ಸು ಹತ್ತಿ ತವರಿಗೆ ಹೋದೆ. ಅಮ್ಮ ಕಣದಲ್ಲಿ ಕಾಫಿ ಹರಡುತ್ತಿದ್ದಳು. ಅವಳ ಮೈತುಂಬ ಗಂಟು. ಗಿಡಕ್ಕೆ ಹೊಡೆಯುವ ಮೈಲುತುತ್ತ ಕಲಸಿ ಕಲಸಿ ಎದ್ದಿದ್ದು ಎನ್ನುತ್ತಿದ್ದಳು. ನಾನೂ ಪೆದ್ದಿಯ ಹಾಗೆ ನಂಬಿದ್ದೆ.

"ನಂಗೊತ್ತಿತ್ತು" ಎಂದಳು, ಕೇಳಿದ ತಕ್ಷಣ. ನಾನು ಚಿಕ್ಕವಳಿದ್ದಾಗ ಅವಳ ಬೆನ್ನಿನ ಗಂಟು ತೆಗೆದ ಮಂಗಳೂರಿನ ಡಾಕ್ಟರು ಎಲ್ಲ ಹೇಳಿದ್ದರಂತೆ. "ಹೇಳಿದ್ರೆ ನಿನ್ನನ್ನ ಯಾರು ಮಾಡ್ಕೊಳ್ತಿದ್ರು ಮಾರಾಯ್ತಿ?"

ನನಗೆ ಮದುವೆಯ ಹಿಂದಿನ ದಿನ ನೆನಪಾಯಿತು. ನಮ್ಮಲ್ಲಿ ಹೆಣ್ಣಿಗೆ ಅರಿಶಿನ ಹಚ್ಚುವುದು ಐದು ಜನ ಮುತ್ತೈದೆಯರು. ಅಮ್ಮ ಅವರೆಲ್ಲರನ್ನೂ ಹೊರಗೆ ಕೂರಿಸಿ, ಬಾಗಿಲು ಹಾಕಿ, ತಾನೊಬ್ಬಳೇ ನನ್ನ ಬೆನ್ನಿಗೆ ದಪ್ಪಗೆ ಬಳಿದಿದ್ದಳು. ಚಿಕ್ಕಮ್ಮಂದಿರು ಮುಖ ಊದಿಸಿಕೊಂಡರೂ ಜಗ್ಗಲಿಲ್ಲ. "ನನ್ನ ಕೂಸು, ನಾನೇ ಹಚ್ತೀನಿ" ಎಂದಾಗ ನಾನು ಅತ್ತುಬಿಟ್ಟಿದ್ದೆ. ಅಷ್ಟು ಪ್ರೀತಿಯಿಂದ ನನ್ನ ಮೈಯನ್ನು ಇನ್ಯಾರೂ ಮುಟ್ಟಿಲ್ಲ ಎಂದು ಗಂಡನ ಹತ್ತಿರವೂ ಹೇಳಿಕೊಂಡು ಮೆರೆದಿದ್ದೆ. ಅವಳು ಮಾಡುತ್ತಿದ್ದದ್ದು ಮಚ್ಚೆ ಮುಚ್ಚುವ ಕೆಲಸ. ನಂಬಿಸಿ ಕತ್ತು ಕೊಯ್ಯುವುದು ಎಂದರೆ ಇದೇ ಅಲ್ಲವೇ? ಹೆತ್ತವಳ ಮೇಲೆ ಇಷ್ಟು ಅಸಹ್ಯ ಹುಟ್ಟಬಹುದೆಂದು ನನಗೆ ಗೊತ್ತಿರಲಿಲ್ಲ.

"ಮದುವೆ ಆಯ್ತಲ್ಲ, ಆಮೇಲಾದ್ರೂ ಹೇಳ್ಬೋದಿತ್ತಲ್ಲ! ಇವಳು ಹುಟ್ಟಿದಾಗ?" ಎಂದು ಕೂಗಿದೆ.

ಅಮ್ಮ ಕಾಫಿಯಿಂದ ಕೈ ತೆಗೆಯಲಿಲ್ಲ. "ಬಾಣಂತನದಲ್ಲಿ ಕೂಸಿಗೆ ನೀರು ಹಾಕ್ತಿದ್ದೋಳು ನಾನೇ ಅಲ್ವಾ. ಮಚ್ಚೆ ಮೊದ್ಲು ಕಂಡಿದ್ದೂ ನಂಗೇ. ನಿನ್ನ ಖುಷಿ ನೋಡಿ ಬಾಯಿ ಬರ್ಲಿಲ್ಲ."

ಅವಳು ಎದ್ದು ಬಂದು, ಮೊಮ್ಮಗಳ ಕೆನ್ನೆ ಸವರಲು ಎಡಗಡೆಯಿಂದ ಕೈ ಚಾಚಿದಳು. ತಾಗುವವರೆಗೂ ಆ ಕೈ ಮಗಳಿಗೆ ಕಾಣಲಿಲ್ಲ.